ಅಂಗಿಯ ಮೇಲಿನ ನಕ್ಷತ್ರ

ಮಗಳ ಕಪ್ಪು ಟೀ ಶರ್ಟನ್ನು ಹಿಂಡಿ ತಂತಿಗೆ ಹಾಕುವಾಗಲೆಲ್ಲ ಅದರ ಎದೆಯ ಮೇಲಿನ ಬಿಳಿ ಗೆರೆಗಳನ್ನು ನೋಡಿ, ಯಾವುದೋ ಬೆಟ್ಟಸಾಲಿರಬೇಕು ಎಂದುಕೊಂಡಿದ್ದೆ. ಒಂದರ ಹಿಂದೊಂದು ಶಿಖರಗಳು, ನಡುವೆ ಮಾತ್ರ ಎತ್ತರ, ಎರಡು ಬದಿಗೂ ಸಪಾಟು. ಒಂದು ಭಾನುವಾರ ಕೇಳಿಯೇಬಿಟ್ಟೆ.

“ಇದು ಯಾವ ಬೆಟ್ಟವೇ?”

“ಬೆಟ್ಟ ಅಲ್ಲಮ್ಮ, ನಕ್ಷತ್ರ. ಇಂಗ್ಲೆಂಡಿನ ಒಂದು ಬ್ಯಾಂಡಿನ ಆಲ್ಬಂ ಕವರು.”

“ಹಾಡು ಹೇಗಿದೆ?” ಎಂದರೆ ಹಲ್ಲು ಕಿರಿದಳು. ಅಂಗಿ ಕೊಂಡಿದ್ದಳೇ ಹೊರತು ಹಾಡು ಕೇಳಿರಲಿಲ್ಲ! ಒಗೆಯುವವಳು ಹೇಗೂ ನಾನು, ಕೇಳುವವಳೂ ನಾನೇ ಆದರಾಯಿತು ಎಂದು ಅವಳ ಮೊಬೈಲಿನಲ್ಲೇ ಹಾಕಿಸಿಕೊಂಡು ಕೂತೆ. ಅವತ್ತು ಪೂರ್ತಿ ಕೇಳಲಾಗಲಿಲ್ಲ. ಖಾಲಿ ಗೋದಾಮಿನ ಆ ತುದಿಯಲ್ಲಿ ನಿಂತು ಯಾರೋ ಗಡಸು ದನಿಯಲ್ಲಿ ಹಾಡುತ್ತಿರುವಂತೆ, ನಾವು ಈ ತುದಿಯಲ್ಲಿ ಚಳಿಗೆ ಕೈಕಟ್ಟಿ ನಿಂತಿರುವಂತೆ ಅನ್ನಿಸಿತು. ಆದರೂ ಮರುದಿನ ಸೊಪ್ಪು ಬಿಡಿಸುತ್ತಾ ಮತ್ತೆ ಹಾಕಿದೆ. ಈಗ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ತಂಡದ ಹೆಸರು ಜಾಯ್ ಡಿವಿಷನ್. ಅವರ ಮೊದಲ ಆಲ್ಬಂ ‘ಅನ್‌ನೋನ್ ಪ್ಲೆಷರ್ಸ್’, ಅರಿಯದ ಸುಖಗಳು ಎನ್ನೋಣ. 1979ರ ಜೂನ್‌ನಲ್ಲಿ ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆ ಅದನ್ನು ಹೊರತಂದಿತು. ದೊಡ್ಡ ಕಂಪನಿಗಳ ಹಂಗಿಲ್ಲದೆ ಊರಿನವರೇ ಕೈಯಿಂದ ದುಡ್ಡು ಹಾಕಿ ರೆಕಾರ್ಡು ತರುವ ಈ ರೀತಿಗೆ ಅಲ್ಲಿ ‘ಇಂಡಿ’ ಎನ್ನುತ್ತಾರೆ. ಮೊದಲು ಅಚ್ಚಾದದ್ದು 10,000 ಪ್ರತಿ. ಹಾಡುವವನು ಇಯಾನ್ ಕರ್ಟಿಸ್, ಗಿಟಾರ್ ಬರ್ನಾರ್ಡ್ ಸಮ್ನರ್, ಬಾಸ್ ಗಿಟಾರ್ ಪೀಟರ್ ಹುಕ್, ಡ್ರಮ್ಸ್ ಸ್ಟೀಫನ್ ಮಾರಿಸ್. ಎಲ್ಲರೂ ಇಪ್ಪತ್ತೊಂದರಿಂದ ಇಪ್ಪತ್ತಮೂರರೊಳಗಿನ ಹುಡುಗರು.

ಈ ಹೆಸರಿನಲ್ಲೇ ನನಗೆ ಮೊದಲ ಮುಳ್ಳು ಚುಚ್ಚಿತು. ಕೇಳಲು ಸಂತೋಷದ ಪದ. ಆದರೆ ಅದನ್ನು ಅವರು ತೆಗೆದುಕೊಂಡದ್ದು ನಾತ್ಸಿ ಸೆರೆಶಿಬಿರಗಳ ಮೇಲಿನ ‘ಹೌಸ್ ಆಫ್ ಡಾಲ್ಸ್’ ಎಂಬ ಕಾದಂಬರಿಯಿಂದ. ಸೈನಿಕರ ಭೋಗಕ್ಕೆಂದು ಹೆಣ್ಣುಮಕ್ಕಳನ್ನು ಕೂಡಿಹಾಕಿದ ವಿಭಾಗಕ್ಕೆ ಅದರಲ್ಲಿ ಇಟ್ಟ ಹೆಸರದು. ಹುಡುಗರು ಬೆಚ್ಚಿಬೀಳಿಸಲು ಇಟ್ಟುಕೊಂಡಿರಬಹುದು, ಆ ಕಾಲದ ಪಂಕ್ ಹುಡುಗರಿಗೆ ಅಂಥ ಚಟವಿತ್ತು. ಹಾಡು ಎಷ್ಟೇ ಚೆನ್ನಾಗಿರಲಿ, ಈ ಹೆಸರನ್ನು ನಾನು ಒಪ್ಪಿಲ್ಲ. ಇನ್ನೊಬ್ಬರ ನರಕ ನಮ್ಮ ಬೋರ್ಡಿಗೆ ಬಣ್ಣವಾಗಬಾರದು.

ಇನ್ನು ಆ ಬೆಟ್ಟ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ರೇಡಿಯೋ ದೂರದರ್ಶಕದಿಂದ ದಿನಕ್ಕೆ ಸುಮಾರು 30 ಮೀಟರ್ ಉದ್ದ ಬರುತ್ತಿದ್ದ ಕಾಗದದ ಸುರುಳಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುವಂಥ ಕೆಲಸ. ಅದರಲ್ಲೊಂದು ಸಣ್ಣ ಗೀಚು ಅವಳ ಕಣ್ಣಿಗೆ ಬಿತ್ತು. ಬಿಡದೆ ಬೆನ್ನು ಹತ್ತಿದಾಗ ಅದು ಸುಮಾರು 1.3 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ನಕ್ಷತ್ರ ಎಂದು ತಿಳಿಯಿತು. ಜಗತ್ತು ಕಂಡ ಮೊದಲ ಪಲ್ಸಾರ್. 1974ರಲ್ಲಿ ಅದಕ್ಕೆ ನೊಬೆಲ್ ಬಂದಾಗ ಹೆಸರಿದ್ದದ್ದು ಅವಳ ಮಾರ್ಗದರ್ಶಕ ಆಂಟನಿ ಹ್ಯೂಯಿಶ್ ಅವರದು, ಜೊತೆಗೆ ಮಾರ್ಟಿನ್ ರೈಲ್ ಅವರದು. ಆಮೇಲೆ ಅಮೆರಿಕದ ವಿಜ್ಞಾನಿಯೊಬ್ಬರು ಅದೇ ನಕ್ಷತ್ರದ ಮಿಡಿತಗಳನ್ನು ಒಂದರ ಮೇಲೊಂದು ಜೋಡಿಸಿ ನಕ್ಷೆ ಮಾಡಿದರು. ಅದು ಒಂದು ಖಗೋಳ ವಿಶ್ವಕೋಶದಲ್ಲಿ ಅಚ್ಚಾಗಿ ತಂಡದವರ ಕಣ್ಣಿಗೆ ಬಿತ್ತು. ಪೀಟರ್ ಸ್ಯಾವಿಲ್ ಎಂಬ ಕಲಾವಿದ ಬಿಳಿಯ ಮೇಲಿನ ಕಪ್ಪನ್ನು ಕಪ್ಪಿನ ಮೇಲಿನ ಬಿಳಿಯಾಗಿಸಿ ಹೊದಿಕೆ ಮಾಡಿದ. ಮುಂದುಗಡೆ ತಂಡದ ಹೆಸರೂ ಇಲ್ಲ, ಆಲ್ಬಮಿನ ಹೆಸರೂ ಇಲ್ಲ. ನಕ್ಷತ್ರ ಹುಡುಕಿದವಳ ಹೆಸರಂತೂ ಇರುವ ಮಾತೇ ಇಲ್ಲ.

ಆ ಚಿತ್ರ ಈ ಸಂಗೀತಕ್ಕೆ ಒಪ್ಪುತ್ತದೆ. ಅದಕ್ಕೆ ಕಾರಣ ಮಾರ್ಟಿನ್ ಹ್ಯಾನೆಟ್ ಎಂಬ ನಿರ್ಮಾಪಕ. 1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಧ್ವನಿಮುದ್ರಣ. ಒಂದು ಡ್ರಮ್ಮಿನ ಸದ್ದು ಇನ್ನೊಂದಕ್ಕೆ ಸೋಕಬಾರದೆಂದು ಆತ ಒಂದೊಂದನ್ನೂ ಬೇರೆಬೇರೆಯಾಗಿ ಬಾರಿಸಲು ಹೇಳಿದ. ‘ಇನ್‌ಸೈಟ್’ ಹಾಡಿನ ಮೊದಲಿಗೆ ಹಳೆಯ ಲಿಫ್ಟಿನ ಸದ್ದು ಸೇರಿಸಿದ, ಕೊನೆಯ ಹಾಡಿನಲ್ಲಿ ಗಾಜು ಒಡೆಸಿದ. ಹಾಡಿನಲ್ಲಿ ವಾದ್ಯಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟವರ ಹಾಗೆ ತಂತಮ್ಮ ಮೂಲೆಯಲ್ಲಿವೆ. ಬಾಸ್ ಗಿಟಾರ್ ಎಲ್ಲೆಡೆ ತಳದಲ್ಲಿ ಗುಂಯ್‌ಗುಡುವ ವಾದ್ಯ, ಇಲ್ಲಿ ಮೇಲಿನ ಸ್ಥಾಯಿಗೆ ಏರಿ ಅದೇ ಹಾಡಿನ ದಾರಿ ತೋರಿಸುತ್ತದೆ. ಸಮ್ನರನ ಗಿಟಾರಿನ ಅಬ್ಬರದಲ್ಲಿ ತನ್ನದು ತನಗೇ ಕೇಳದೆ ಹುಕ್ ಮೇಲೆ ನುಡಿಸಲು ಶುರುಮಾಡಿದನಂತೆ.

ಆದರೆ ಹುಕ್‌ಗೂ ಸಮ್ನರ್‌ಗೂ ಈ ಆಲ್ಬಂ ಹಿಡಿಸಲಿಲ್ಲ. ವೇದಿಕೆಯ ಮೇಲೆ ಬೆಂಕಿಯಂತಿದ್ದ ನಮ್ಮನ್ನು ಹ್ಯಾನೆಟ್ ತಣ್ಣಗೆ ಮಾಡಿಬಿಟ್ಟ ಎಂಬುದು ಅವರ ದೂರು. ಯಾರ ಮಾತು ನಿಜವೆಂದು ನೋಡಲು ನಾನು ಕಛೇರಿಗಳ ಧ್ವನಿಮುದ್ರಣಕ್ಕೆ ಹೋದೆ. ಆಲ್ಬಂ ಬಂದು ಒಂದು ತಿಂಗಳೊಳಗೆ, 1979ರ ಜುಲೈ 13ರಂದು ಮ್ಯಾಂಚೆಸ್ಟರಿನಲ್ಲಿ ನುಡಿಸಿದ್ದನ್ನು 2007ರ ಮರುಮುದ್ರಣದ ಜೊತೆ ಕೊಟ್ಟಿದ್ದಾರೆ. ಅದೇ ವರ್ಷದ ಡಿಸೆಂಬರಿನ ಪ್ಯಾರಿಸ್ ಕಛೇರಿ 2001ರಲ್ಲಿ ಬಂತು. ಕೇಳಿದರೆ ಹುಡುಗರ ದೂರಿನಲ್ಲಿ ಹುರುಳಿದೆ. ‘ಶ್ಯಾಡೋಪ್ಲೇ’ ಪ್ಯಾರಿಸ್ಸಿನಲ್ಲಿ ಗೋಡೆ ಕೆಡವುತ್ತದೆ, ಸ್ಟುಡಿಯೋದಲ್ಲಿ ಅದು ಗೋಡೆಯ ಆಚೆಯಿತ್ತು. 1980ರ ಫೆಬ್ರವರಿ 28ರ ಪ್ರೆಸ್ಟನ್ ಕಛೇರಿಯಲ್ಲಿ ಯಂತ್ರಗಳು ಕೈಕೊಡುತ್ತಲೇ ಇವೆ, ಆದರೂ ಹುಡುಗರು ಬಿಡದೆ ನುಡಿಸುತ್ತಾರೆ. ಅದನ್ನೂ ಹಾಗೆಯೇ 1999ರಲ್ಲಿ ಅಚ್ಚುಹಾಕಿದ್ದು ನನಗೆ ಇಷ್ಟವಾಯಿತು.

ಹೀಗೆ ಎರಡು ಪಕ್ಷಕ್ಕೂ ತಲೆಯಾಡಿಸುತ್ತಿದ್ದವಳನ್ನು ಒಂದು ಹಾಡು ಹಿಡಿದು ನಿಲ್ಲಿಸಿತು: ‘ಶೀಸ್ ಲಾಸ್ಟ್ ಕಂಟ್ರೋಲ್’. ಇಯಾನ್ ಮ್ಯಾಕ್ಲ್ಸ್‌ಫೀಲ್ಡ್ ಎಂಬ ಊರಿನಲ್ಲಿ ಅಂಗವಿಕಲರಿಗೆ ಉದ್ಯೋಗ ಹುಡುಕಿಕೊಡುವ ಸರ್ಕಾರಿ ಕೆಲಸದಲ್ಲಿದ್ದ. ಫಿಟ್ಸ್ ಇದ್ದ ಒಬ್ಬ ಹುಡುಗಿ ಕೆಲಸ ಕೇಳಿಕೊಂಡು ಬರುತ್ತಿದ್ದಳು. ಒಂದು ದಿನ ಬರುವುದು ನಿಂತಿತು. ವಿಚಾರಿಸಿದರೆ ಫಿಟ್ಸ್ ಬಂದು ತೀರಿಕೊಂಡಿದ್ದಳು. ಹಾಡು ಅವಳದು. ಆಮೇಲೆ 1979ರ ಜನವರಿಯಲ್ಲಿ ಅವನಿಗೂ ಅದೇ ಕಾಯಿಲೆ ಎಂದು ವೈದ್ಯರು ಹೇಳಿದರು.

ನನ್ನ ಸೋದರತ್ತೆಗೆ ಫಿಟ್ಸ್ ಬರುತ್ತಿತ್ತು. ಬಂದ ಕೂಡಲೇ ಯಾರೋ ಕೈಗೆ ಬೀಗದಕೈ ಗೊಂಚಲು ತುರುಕುತ್ತಿದ್ದರು, ಇನ್ನೊಬ್ಬರು ನೆರೆಯವರಿಗೆ ಕಾಣದಂತೆ ಬಾಗಿಲು ಹಾಕುತ್ತಿದ್ದರು. ಮಕ್ಕಳಾದ ನಾವು ಹೊರಗೆ ನಿಂತು ನೆಲಕ್ಕೆ ಕೈಬಳೆ ಬಡಿಯುವ ಸದ್ದು ಕೇಳುತ್ತಿದ್ದೆವು. ಎದ್ದ ಮೇಲೆ ಅತ್ತೆ ಕೇಳುತ್ತಿದ್ದದ್ದು ಒಂದೇ ಮಾತು: “ಎಷ್ಟು ಹೊತ್ತಾಯಿತು?” ಯಾರೂ ನಿಜ ಹೇಳುತ್ತಿರಲಿಲ್ಲ. ಆಲ್ಬಮಿನಲ್ಲಿ ಈ ಹಾಡು ಕೇಳಿದಾಗ ನನಗೆ ಆ ಹಾಕಿದ ಬಾಗಿಲು ನೆನಪಾಯಿತು. ಬೇರೆಬೇರೆಯಾಗಿ ಬೀಳುವ ಆ ಡ್ರಮ್ಮಿನ ಏಟು, ದೂರದ ಆ ದನಿ. ತಣ್ಣಗಿದೆ ಎಂದು ಹುಡುಗರು ದೂರಿದ್ದು ಇದನ್ನೇ. ಅದು ತಣ್ಣಗಿರುವುದಲ್ಲ, ಹೊರಗೆ ನಿಂತವರ ನಿರುಪಾಯ.

ಕಛೇರಿಯ ಮುದ್ರಣದಲ್ಲಿ ಅದೇ ಹಾಡು ಬಿರುಸಾಗಿ ಓಡಿ, ಕೊನೆಗೆ ಸಿಳ್ಳೆ, ಚಪ್ಪಾಳೆ. ಇಯಾನ್ ಹಾಡುತ್ತಾ ಕೈಕಾಲು ಬಡಿದು ಕುಣಿಯುತ್ತಿದ್ದ. ಕೆಲವೊಮ್ಮೆ ನಿಜವಾಗಿ ಫಿಟ್ಸ್ ಬರುತ್ತಿತ್ತು. ಜನ ಅದನ್ನೂ ಕುಣಿತವೆಂದೇ ತಿಳಿದರು. ಆ ಕುಣಿತ ಮನೆಯಲ್ಲಿ ಬರುತ್ತಿದ್ದ ಫಿಟ್ಸಿನ ಅಣಕದಂತಾಗಿತ್ತು ಎಂದು ಬರೆದವರು ಅವನ ಹೆಂಡತಿ ಡೆಬೋರಾ. ಮದುವೆಯಾದಾಗ ಆಕೆಗೆ ಹದಿನೆಂಟು, ಅವನಿಗೆ ಹತ್ತೊಂಬತ್ತು. ಆಲ್ಬಂ ಮುದ್ರಣವಾದ ಅದೇ ಏಪ್ರಿಲ್‌ನಲ್ಲಿ ಅವರಿಗೆ ಮಗಳು ಹುಟ್ಟಿದಳು. ಗಂಡನ ಹೆಸರು ಬೆಳೆಯುತ್ತಾ ಹೋದಂತೆ ಆಕೆ ಕಛೇರಿಗಳಿಂದ ದೂರವಾದರು; ಅವನ ಬದುಕಿಗೆ ಇನ್ನೊಬ್ಬಳು ಬಂದಳು. 1980ರ ಮೇ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ತಂಡದ ಕೊನೆಯ ಕಛೇರಿ. ಅದು 1981ರ ‘ಸ್ಟಿಲ್’ ಆಲ್ಬಮಿನಲ್ಲಿದೆ. ಮೇ 18ರಂದು, ಅಮೆರಿಕಕ್ಕೆ ಹೊರಡುವ ಹಿಂದಿನ ದಿನ, ಇಪ್ಪತ್ತಮೂರರ ಹುಡುಗ ಮನೆಯಲ್ಲಿ ತನ್ನ ಪ್ರಾಣ ತಾನೇ ಕಳೆದುಕೊಂಡ. ಹಾಡಿನ ಮಾತುಗಳಿಗೆ ನಾವು ಕಿವಿಗೊಟ್ಟೇ ಇರಲಿಲ್ಲ ಎಂದು ಜೊತೆಗಾರರು ಆಮೇಲೆ ಹೇಳಿಕೊಂಡರು.

ಇಲ್ಲಿಗೆ ಬಂದ ಮೇಲೆ ನನ್ನ ತೀರ್ಪು ಹ್ಯಾನೆಟ್ ಕಡೆಗೇ. ಕಛೇರಿಗಳ ಮುದ್ರಣ ಹುಡುಗರ ಕಸುವನ್ನು ಉಳಿಸಿತು. ಆಲ್ಬಂ ಉಳಿಸಿದ್ದು ಅವರಿಗೇ ಕೇಳದಿದ್ದುದನ್ನು. ಅದರ ಖಾಲಿ ಜಾಗದಲ್ಲಿ ಪದ ಪದವೂ ಕೇಳುತ್ತದೆ. ಅಬ್ಬರದಲ್ಲಿ ಅದು ಮುಚ್ಚಿಹೋಗುತ್ತದೆ. ಇಷ್ಟು ವರ್ಷ ಅದು ಉಳಿದು ಬಂದಿರುವುದು ಆ ಕಾರಣಕ್ಕೇ ಎಂದು ನನ್ನ ನಂಬಿಕೆ. ಆದರೆ ಸಾವಿನ ಸುತ್ತ ಕಟ್ಟಿದ ಪ್ರಭಾವಳಿಗೆ ನಾನು ಕೈಮುಗಿಯಲಾರೆ. ಬಾಗಿಲ ಒಳಗೆ ಏನು ನಡೆಯಿತೆಂದು ಹೇಳಿದ್ದು ಡೆಬೋರಾ ಅವರು 1995ರಲ್ಲಿ ಬರೆದ ‘ಟಚಿಂಗ್ ಫ್ರಮ್ ಎ ಡಿಸ್ಟನ್ಸ್’. ಆಲ್ಬಂ ಕೇಳಿದವರು ಅದನ್ನೂ ಓದಬೇಕು.

ಇಷ್ಟನ್ನೂ ಮಗಳಿಗೆ ಹೇಳಿದೆ. ಅವಳು ಆ ರಾತ್ರಿ ಹಾಡು ಕೇಳಿದಳು. ಬೆಳಿಗ್ಗೆ ಎದ್ದು, “ಪ್ಯಾರಿಸ್‌ದೇ ಚೆನ್ನಾಗಿದೆಯಮ್ಮ, ನಿನ್ನದು ತುಂಬಾ ಮಂಕು,” ಎಂದು ವಾದಕ್ಕೆ ನಿಂತಳು. ನಿಲ್ಲಲಿ. ಅಂಗಿಯನ್ನು ಈಗ ಅವಳೇ ಒಗೆದುಕೊಳ್ಳುತ್ತಾಳೆ. ಗೆರೆ ಅಳಿಸಬಾರದೆಂದು ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಹಾಕುತ್ತಾಳೆ. ಕೇಳಿದವರಿಗೆ ನಕ್ಷತ್ರವನ್ನು ಕಂಡವಳ ಹೆಸರನ್ನೂ ಹೇಳುತ್ತಾಳೆ.