ಕುಂಚಾಕ್ಷರ: ಗೆರೆಯ ದಪ್ಪ ಮತ್ತು ಕೈಯ ವಿವೇಚನೆ

ಕುಂಚದಿಂದ ಬರೆದಂತೆ ತೋರುವ ದಪ್ಪ ಶೀರ್ಷಿಕೆ ಫಾಂಟುಗಳನ್ನು ಅಲಂಕಾರದ ವರ್ಗಕ್ಕೆ ಸೇರಿಸಿ ಮುಂದೆ ಸಾಗುವುದು ನಮ್ಮ ವಿಮರ್ಶೆಯ ವಾಡಿಕೆ. ಅಕ್ಷರದ ಅಂಚು ಒರಟಾಗಿದ್ದು, ಗೆರೆಯ ಕೊನೆಯಲ್ಲಿ ಕುಂಚದ ಎಳೆಗಳು ಚದುರಿದಂತೆ ಕಂಡರೆ ಅದಕ್ಕೆ ಕೈಬರಹದ ಗುಣ ಪ್ರಾಪ್ತವಾಯಿತೆಂದು ಭಾವಿಸಲಾಗುತ್ತದೆ. ಈ ಗ್ರಹಿಕೆ ಮರುಪರಿಶೀಲನೆಗೆ ಅರ್ಹವಾದುದು.

ಫ್ರಾನ್ಸಿನ ರೋಜೆ ಎಕ್ಸ್‌ಕೊಫೋನ್ (1910–1983) ಮಾರ್ಸೇ ನಗರದ ಆಲಿವ್ ಫೌಂಡ್ರಿಗಾಗಿ ರೂಪಿಸಿದ ಎರಡು ಅಕ್ಷರಮಾಲೆಗಳನ್ನು ಇಲ್ಲಿ ನೆನೆಯಬಹುದು. 1953ರ ‘ಮಿಸ್ತ್ರಾಲ್’ ಕೂಡುಬರಹ. ಬಿಡಿಬಿಡಿಯಾಗಿ ಎರಕಗೊಂಡ ಸೀಸದ ಮೊಳೆಗಳಲ್ಲಿ ಯಾವ ಅಕ್ಷರದ ಪಕ್ಕ ಯಾವುದು ಬಂದರೂ ಕೂಡುಗೆರೆ ಕಡಿಯದಂತೆ ಆತ ಯೋಜಿಸಬೇಕಾಯಿತು. ಕೈ ಬರೆಯುವಾಗ ಆ ಕ್ಷಣದಲ್ಲಿ ತೀರ್ಮಾನಿಸುವುದನ್ನು ಆತ ಮುಂಚಿತವಾಗಿಯೇ ತೀರ್ಮಾನಿಸಿದ್ದಾನೆ. 1955ರ ‘ಶಾಕ್’ ಇದಕ್ಕಿಂತ ಬಹಳ ದಪ್ಪ. ಇಲ್ಲಿ ಅಕ್ಷರಗಳು ಕೂಡುವುದಿಲ್ಲ. ಆದರೂ ಕುಂಚದ ರಭಸ ಎದ್ದು ಕಾಣುತ್ತದೆ. ಗಮನಾರ್ಹವೆಂದರೆ, ಈ ಪರಿಣಾಮಕ್ಕಾಗಿ ಅದು ಒಣಕುಂಚದ ಎಳೆಗಳ ಗುರುತನ್ನು ನೆಚ್ಚಿಕೊಂಡಿಲ್ಲ. ಗೆರೆ ಎಲ್ಲಿ ಹಿಗ್ಗಬೇಕು, ಎಲ್ಲಿ ತಟ್ಟನೆ ನಿಲ್ಲಬೇಕು ಎಂಬುದರಲ್ಲಿಯೇ ಅದರ ಬಲವಿದೆ.

ಕನ್ನಡದಲ್ಲಿ ಕುಂಚದ ಫಾಂಟು ಮಾಡುವವನ ಮುಂದಿರುವ ಸಮಸ್ಯೆ ಇನ್ನೂ ಜಟಿಲ. ತಲೆಕಟ್ಟು ಬಹುಪಾಲು ವ್ಯಂಜನಗಳಿಗೆ ಸಾಮಾನ್ಯವಾದುದರಿಂದ, ಭೇದ ಉಳಿಯುವುದು ಅಕ್ಷರದ ಒಡಲಲ್ಲಿ ಮತ್ತು ಅಡಿಯಲ್ಲಿ. ದಕಾರ ಧಕಾರವಾಗುವುದು ಅಡಿಯ ಒಂದು ಸಣ್ಣ ಸೀಳಿನಿಂದ. ಪಕಾರಕ್ಕೂ ಷಕಾರಕ್ಕೂ ಇರುವ ಅಂತರ ಒಂದೇ ಗೆರೆ. ಶಾಲೆಯ ಮಕ್ಕಳು ಅದನ್ನು ‘ಹೊಟ್ಟೆ ಸೀಳಿದ ಷ’ ಎನ್ನುವುದು ಸುಮ್ಮನೆ ಅಲ್ಲ. ಗೆರೆಯನ್ನು ಎಲ್ಲೆಡೆಯೂ ಒಂದೇ ಸಮನೆ ದಪ್ಪಗೊಳಿಸಿದರೆ ಈ ಸೀಳುಗಳು ಮಸಿಯಲ್ಲಿ ಮುಚ್ಚಿಹೋಗಿ, ‘ಧನ’ವು ‘ದನ’ವಾಗಿ ಓದಿಸಿಕೊಳ್ಳುತ್ತದೆ. ಇನ್ನು ಒತ್ತಕ್ಷರ. ‘ರಾಷ್ಟ್ರ’ ಎಂಬ ಪದವನ್ನು ಫಲಕದ ಮೇಲೆ ಬರೆಯುವ ಕಲಾವಿದ ಟಕಾರದ ಒತ್ತನ್ನು ಕುಗ್ಗಿಸಿ, ರಕಾರದ ಒತ್ತಿಗೆ ಪಕ್ಕದಲ್ಲಿ ಎಡೆಮಾಡಿ, ಬೇಕಾದರೆ ಇಡೀ ಸಾಲನ್ನೇ ತುಸು ಮೇಲೆತ್ತುತ್ತಾನೆ. ಪದ ಬದಲಾದರೆ ಅವನ ಉಪಾಯವೂ ಬದಲಾಗುತ್ತದೆ. ಫಾಂಟಿನಲ್ಲಿ ಒತ್ತು ನಿಲ್ಲುವ ಸ್ಥಾನವನ್ನು ಮೊದಲೇ ಗೊತ್ತುಪಡಿಸಿರಬೇಕು.

ಪುನರಾವರ್ತನೆ ಇನ್ನೊಂದು ತೊಡಕು. ‘ಮಮತೆ’ ಎಂದು ಕೈಯಲ್ಲಿ ಬರೆದಾಗ ಎರಡು ಮಕಾರಗಳು ಒಂದೇ ಆಗಿರುವುದಿಲ್ಲ. ಫಾಂಟಿನಲ್ಲಿ ಅವು ಪಡಿಯಚ್ಚು. ಚದುರಿದ ಎಳೆಗಳು ಸಹ ಅದೇ ಜಾಗದಲ್ಲಿ ಚದುರಿರುತ್ತವೆ. ಅಂಚು ಹೆಚ್ಚು ಒರಟಾದಷ್ಟೂ ಈ ಕೃತಕತೆ ಬೇಗ ಬಯಲಾಗುವುದು ವಿಪರ್ಯಾಸವೇ ಸರಿ. ಇಂದಿನ ಓಪನ್‌ಟೈಪ್ ತಂತ್ರಜ್ಞಾನದಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪಗಳನ್ನು ಅಡಕಗೊಳಿಸಿ, ಸಂದರ್ಭಾನುಸಾರ ಬದಲಾಯಿಸುವ ಅವಕಾಶವಿದೆ. ಕಾಗುಣಿತ ಮತ್ತು ಒತ್ತುಗಳ ಸಂಯೋಜನೆಯಿಂದಲೇ ನೂರಾರು ರೂಪಗಳು ಬೇಕಾಗುವ ನಮ್ಮ ಲಿಪಿಯಲ್ಲಿ ಈ ಶ್ರಮ ಸಣ್ಣದೇನಲ್ಲ. ಆದರೆ ಕುಂಚದ ಹೆಸರು ಹೊತ್ತ ಫಾಂಟನ್ನು ಅಳೆಯಬೇಕಾದುದು ಅಂಚಿನ ಒರಟುತನದಿಂದಲ್ಲ. ‘ರಾಷ್ಟ್ರ’, ‘ಧನ’, ‘ಮಮತೆ’ಗಳಂತಹ ಪದಗಳನ್ನು ಅದು ಹೇಗೆ ನಿಭಾಯಿಸುತ್ತದೆ ಎಂಬುದರಿಂದ.