ಅಪ್ಪನ ಗಡ್ಡ ಮುಟ್ಟುವ ಪುಟ

ಎಳೆಯ ಮಕ್ಕಳಿಗೆಂದು ಇಂದು ಅಂಗಡಿಗಳಲ್ಲಿ ಸಿಗುವ ‘ಮುಟ್ಟಿ ನೋಡುವ’ ಪುಸ್ತಕಗಳ ಹಿರಿಯಜ್ಜಿ ಡೊರೊಥಿ ಕುನ್‌ಹಾರ್ಟ್ ಅವರ ‘ಪ್ಯಾಟ್ ದ ಬನ್ನಿ’. 1940ರಲ್ಲಿ ಅಮೆರಿಕದಲ್ಲಿ ಅಚ್ಚಾದ ಇದನ್ನು ಅವರು ಮೊದಲು ಮಾಡಿದ್ದು ತಮ್ಮ ಮಗಳು ಈಡಿತ್‌ಗಾಗಿ. ಇದರಲ್ಲಿ ಕಥೆಯಿಲ್ಲ. ಪಾಲ್, ಜೂಡಿ ಎಂಬ ಮಕ್ಕಳು ಏನೋ ಒಂದು ಮಾಡುತ್ತಾರೆ, ಮರುಗಳಿಗೆಗೆ ಕೇಳುತ್ತ ಕೂತ ಮಗುವಿನ ಸರದಿ. ಮೊಲದ ಮೈ ಸವರಬೇಕು, ಹೂವು ಮೂಸಬೇಕು, ಕನ್ನಡಿ ನೋಡಬೇಕು, ಅಮ್ಮನ ಉಂಗುರದೊಳಗೆ ಬೆರಳು ತೂರಿಸಬೇಕು.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅಪ್ಪನ ಮುಖದ ಪುಟ. ಕೆನ್ನೆಯ ಜಾಗದಲ್ಲಿ ಸ್ಯಾಂಡ್‌ಪೇಪರಿನಂಥ ತರಿತರಿ ಚೂರು, ಅಷ್ಟೇ. ಆದರೆ ಆ ಒರಟು ಮಗುವಿಗೆ ಹೊಸದಲ್ಲ. ಕ್ಷೌರ ಮಾಡದ ಕೆನ್ನೆಯ ಮುತ್ತು ಅದಕ್ಕೆ ಚೆನ್ನಾಗಿ ಗೊತ್ತು. ತೊಡೆಯ ಮೇಲೆ ಕೂರಿಸಿಕೊಂಡವನು ಅಪ್ಪನೇ ಆಗಿದ್ದರಂತೂ ಪುಟ್ಟ ಕೈ ಪುಟದಿಂದ ಅವನ ಕೆನ್ನೆಗೆ, ಕೆನ್ನೆಯಿಂದ ಮತ್ತೆ ಪುಟಕ್ಕೆ ಓಡಾಡುತ್ತದೆ. ಕಾಗದದ ಮೇಲಿರುವುದು ಬೇರೊಂದರ ಗುರುತು ಎಂಬ ಅರಿವಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಉಂಗುರದ ಪುಟವೂ ಹುಷಾರಾಗಿ ಮಾಡಿದ್ದು. ಆರು ತಿಂಗಳ ಕೂಸು ಇಡೀ ಅಂಗೈಯಿಂದ ಬಡಿಯುತ್ತದೆ. ತೋರುಬೆರಳು ಬೇರೆಯಾಗಿ ಮುಂದೆ ಬರುವುದು ಒಂಬತ್ತು, ಹತ್ತು ತಿಂಗಳ ಹೊತ್ತಿಗೆ. ಆ ಬೆರಳಿಗೆ ಅಲ್ಲೊಂದು ಕೆಲಸ ಕಾದಿರುತ್ತದೆ.

ಕೊರತೆ ಇರುವುದು ಮೈಕಟ್ಟಿನಲ್ಲಿ. ಪ್ಲಾಸ್ಟಿಕ್ ಸುರುಳಿಯಲ್ಲಿ ಪೋಣಿಸಿದ ಆ ತೆಳು ಹಾಳೆಗಳು ಹಲ್ಲು ಬರುತ್ತಿರುವ ಬಾಯಿಗೆ ತಡೆಯುವುದಿಲ್ಲ.

ಬ್ರಿಟನ್ನಿನ ಅಸ್‌ಬಾರ್ನ್ ಪ್ರಕಾಶನ 1999ರಲ್ಲಿ ಶುರುಮಾಡಿದ ‘ದಟ್ಸ್ ನಾಟ್ ಮೈ’ ಮಾಲೆಯಲ್ಲಿ ಆ ತೊಂದರೆ ಇಲ್ಲ. ದಪ್ಪ ರಟ್ಟು, ರೇಚಲ್ ವೆಲ್ಸ್ ಅವರ ದಪ್ಪ ಗೆರೆಯ ಚಿತ್ರ, ಎಲ್ಲೋ ಒಂದು ಮೂಲೆಯಲ್ಲಿ ಇಲಿ. ಫಿಯೊನಾ ವಾಟ್ ಅವರ ಸಾಲು ಮೆತ್ತಗೆ, ಒರಟು ಎನ್ನುವ ಹೊತ್ತಿಗೇ ಬೆರಳಿನ ಕೆಳಗೆ ಅದು ಸಿಗುತ್ತದೆ. ಪದ ಕಲಿಸುವುದಕ್ಕೆ ಇದು ಪ್ರಾಮಾಣಿಕ ದಾರಿ. ಆದರೂ ಒಂದರ ಹಿಂದೊಂದು ಮುಟ್ಟುತ್ತ ಹೋದರೆ ಬಟ್ಟೆ ಅಂಗಡಿಯ ಸ್ಯಾಂಪಲ್ ಪುಸ್ತಕ ತಿರುವಿದಂತಾಗುತ್ತದೆ. ಮುಟ್ಟಿದ್ದು ಯಾರನ್ನು, ಯಾಕೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಮುಟ್ಟುವ, ಎಳೆಯುವ ಅಂಶ ಸೇರಿಸಿದರೆ ಮಗು ಹೆಚ್ಚು ಕಲಿಯುತ್ತದೆ ಎಂಬ ಮಾರಾಟದ ಮಾತನ್ನಂತೂ ನಂಬಬೇಕಿಲ್ಲ. ಸಿಂಥಿಯಾ ಚಿಯಾಂಗ್ ಮತ್ತು ಜೂಡಿ ಡಿಲೋಶ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆಯಿಂದ ಮೂರು ವರ್ಷದ ಮಕ್ಕಳು ಅಕ್ಷರಗಳನ್ನು ಹೆಚ್ಚು ಕಲಿತದ್ದು ಸಾದಾ ಪುಸ್ತಕದಿಂದ. ‘ಎ’ ಅಕ್ಷರ ಕಲಿಯುವುದಕ್ಕೂ ಅದರ ಪಕ್ಕದ ತುಪ್ಪಳಕ್ಕೂ ಸಂಬಂಧವಿಲ್ಲದಿದ್ದರೆ ಮಗುವಿನ ಗಮನವನ್ನು ತುಪ್ಪಳವೇ ನುಂಗುತ್ತದೆ.

ಇಟಲಿಯ ಬ್ರೂನೊ ಮುನಾರಿ 1980ರ ‘ಪ್ರೆಲಿಬ್ರಿ’ಯಲ್ಲಿ ಇನ್ನೊಂದು ತುದಿಗೆ ಹೋದರು. ಹತ್ತು ಸೆಂಟಿಮೀಟರ್ ಚೌಕದ 12 ಪುಸ್ತಕಗಳು. ಮರ, ಉಣ್ಣೆಬಟ್ಟೆ, ಪ್ಲಾಸ್ಟಿಕ್, ಕಾಗದ. ಮುಂದೂ ಹಿಂದೂ ಒಂದೇ ಶೀರ್ಷಿಕೆ, ಯಾವ ಕಡೆಯಿಂದ ತೆರೆದರೂ ಅದೇ ಆರಂಭ. ಅಂಟಿಸಿದ ಚೂರಿನ ಬದಲು ಇಡೀ ಪುಸ್ತಕವೇ ಸ್ಪರ್ಶ. ನಾನು ಬೆರಗಿನಿಂದ ಮೆಚ್ಚುವ ಕೆಲಸವಿದು. ಆದರೂ ವರ್ಷ ತುಂಬದ ಕೂಸಿಗೆ ಕೊಡಲು ಕುನ್‌ಹಾರ್ಟ್ ಅವರದ್ದನ್ನೇ ಆರಿಸುತ್ತೇನೆ. ಅಲ್ಲಿ ಅಪ್ಪ ಅಮ್ಮ ಇದ್ದಾರೆ.

ಕನ್ನಡದಲ್ಲಿ ಇಂಥ ಪುಸ್ತಕ ಮಾಡುವವರು ಹುಲಿಯ ನಕಲಿ ತುಪ್ಪಳ ಹುಡುಕುವುದು ಬೇಡ. ಅಜ್ಜಿಯ ಹಳೆ ಕಾಟನ್ ಸೀರೆಯ ಸೆರಗು, ತಾತ ಹೊದೆಯುವ ಕಂಬಳಿ, ಕೂಸು ಮಲಗುವ ಚಾಪೆ ಸಾಕು. ತುಂಡು ಮಾತ್ರ ಮಗುವಿನ ಅಂಗೈಯಗಲ ಇರಲಿ, ಉಗುರಿಗೆ ಕಿತ್ತು ಬರದಂತೆ ಅಂಚನ್ನು ರಟ್ಟಿನೊಳಗೆ ಸೇರಿಸಿ ಅಂಟಿಸಲಿ.