ಸಲಾಮು ಎಂಬ ರಹದಾರಿ

ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ (1819) ಕಾದಂಬರಿಯನ್ನು ಕುದುರೆ, ಕತ್ತಿ, ಕೋಟೆಗಳ ಸಾಹಸಕಥೆಯೆಂದು ಓದಿ ಮರೆತವರೇ ಹೆಚ್ಚು. ನಾವೂ ಹಾಗೆಯೇ ಓದಿದ್ದೆವು. ಮತ್ತೆ ಕೈಗೆತ್ತಿಕೊಂಡಾಗ ನಮ್ಮನ್ನು ತಡೆದು ನಿಲ್ಲಿಸಿದ್ದು ಅದರೊಳಗಿನ ಎರಡು ಲ್ಯಾಟಿನ್ ಪದಗಳು: ‘ಪಾಕ್ಸ್ ವೊಬಿಸ್ಕಮ್’. ಶಾಂತಿ ನಿಮ್ಮೊಂದಿಗಿರಲಿ ಎಂದರ್ಥ. ಹೆದರಿ ಬಾಗಿಲು ಮುಚ್ಚಿಕೊಂಡಿದ್ದ ಶಿಷ್ಯರಿಗೆ ಯೇಸು ಹೇಳಿದ ಸಲಾಮೆಂದು ಯೋಹಾನನ ಸುವಾರ್ತೆಯಲ್ಲಿ ಬರುವ ಮಾತೇ ಲ್ಯಾಟಿನ್‌ನಲ್ಲಿ ಈ ರೂಪ ತಾಳಿತು. ಯಹೂದಿಯರ ‘ಶಾಲೋಮ್ ಅಲೇಖೆಮ್’, ನಮ್ಮ ‘ಅಸ್ಸಲಾಮು ಅಲೈಕುಮ್’ ಇದರ ಒಡಹುಟ್ಟುಗಳು.

ಕಾದಂಬರಿಯಲ್ಲಿ ಸ್ಯಾಕ್ಸನ್ ಒಡೆಯ ಸೆಡ್ರಿಕ್ ನಾರ್ಮನ್ನರ ಕೋಟೆಯಲ್ಲಿ ಸೆರೆಯಾಗಿದ್ದಾನೆ. ಅವನ ಜೀತದಾಳು, ವಿದೂಷಕ ವಾಂಬಾ, ಕ್ರೈಸ್ತ ಸನ್ಯಾಸಿಯ ವೇಷದಲ್ಲಿ ಒಳಹೊಕ್ಕು, ಆ ನಿಲುವಂಗಿಯನ್ನು ಒಡೆಯನಿಗೆ ತೊಡಿಸಿ ತಾನು ಸೆರೆಯಲ್ಲುಳಿಯುತ್ತಾನೆ. ಲ್ಯಾಟಿನ್ ಬಾರದ ಒಡೆಯನಿಗೆ ಅವನು ಕಲಿಸುವುದು ಈ ಎರಡೇ ಪದ. ಯಾರು ಏನೇ ಕೇಳಲಿ, ಇದನ್ನು ಹೇಳಿದರಾಯಿತು! ಪ್ರಾರ್ಥನೆ ರಹದಾರಿಯಾಗುವ ಈ ತಮಾಷೆಗೆ ಓದುಗರು ನಗುತ್ತಾರೆ. ಜೀವ ಒತ್ತೆಯಿಟ್ಟವನು ಆಳು ಎಂಬುದು ಆ ನಗುವಿನಲ್ಲಿ ಮರೆತೇ ಹೋಗುತ್ತದೆ.

ಹೊರಗೆ ಹೋಗುವ ಕತ್ತಲ ಹಾದಿಯಲ್ಲಿ ಸೆಡ್ರಿಕ್‌ನ ಸಲಾಮಿಗೆ ಲ್ಯಾಟಿನ್‌ನಲ್ಲೇ ಉತ್ತರಿಸುವವಳು ಯಹೂದಿ ಹುಡುಗಿ ರೆಬೆಕ್ಕಾ. ಕೋಟೆಯಲ್ಲೊಬ್ಬ ಗಾಯಾಳು ಸೆರೆಯಾಳಿದ್ದಾನೆ, ದಯಮಾಡಿ ಬಂದು ನೋಡಿ ಎಂದು ಅವಳು ಬೇಡುತ್ತಾಳೆ. ಅವನು ಅವಸರವೆಂದು ತಪ್ಪಿಸಿಕೊಳ್ಳುತ್ತಾನೆ. ಆ ಗಾಯಾಳು ಸೆಡ್ರಿಕ್ ತಾನೇ ಹೊರಹಾಕಿದ್ದ ಮಗ ಐವನ್‌ಹೋ. ಅದು ಅವನಿಗೆ ಗೊತ್ತಿಲ್ಲ. ಶಾಂತಿ ಕೋರಿದ ಬಾಯಿ ಅದು; ಕೇಳಿಸಿಕೊಂಡವಳು ಆ ಮಾತನ್ನು ನಂಬಿದಳು, ಆಡಿದವನು ನಂಬಲಿಲ್ಲ. ಇಲ್ಲಿ ಸ್ಕಾಟ್ ಇನ್ನೊಂದು ಗಳಿಗೆ ನಿಲ್ಲಬೇಕಿತ್ತು. ಕಥೆ ಓಡಿಸುವ ಆತುರ ಅವನಿಗೆ.

ನಮಗೆ ಕುರ್‌ಆನಿನ ಅನ್ನಿಸಾ ಅಧ್ಯಾಯದ 94ನೇ ಸೂಕ್ತ ನೆನಪಾಯಿತು. ನಿಮಗೆ ಸಲಾಮು ಹೇಳಿದವನನ್ನು, ಲೋಕದ ಸೊತ್ತಿನಾಸೆಗೆ, ನೀನು ವಿಶ್ವಾಸಿಯಲ್ಲ ಎನ್ನಬೇಡಿ ಎಂಬುದು ಅದರ ತಾತ್ಪರ್ಯ. ಅಲ್ಲಿ ಎಚ್ಚರಿಕೆ ಇರುವುದು ಸಲಾಮು ಕೇಳಿಸಿಕೊಂಡವನಿಗೆ. ಅದೇ ಅಧ್ಯಾಯದ 86ನೇ ಸೂಕ್ತ ಸಲಾಮಿಗೆ ಅದಕ್ಕಿಂತ ಉತ್ತಮವಾಗಿ, ಇಲ್ಲವೇ ಅಷ್ಟೇ ಮರಳಿಸಲು ಹೇಳುತ್ತದೆ. ಕತ್ತಲಲ್ಲಿ ಅದನ್ನು ಮಾಡಿದವಳು ರೆಬೆಕ್ಕಾ.

ಅವಳಿಗೆ ಸಿಕ್ಕಿದ ಉತ್ತರವೇನು? ಮಾಟಗಾತಿಯೆಂಬ ಆರೋಪ, ವಿಚಾರಣೆ. ಕೊನೆಗೆ ತಂದೆಯೊಂದಿಗೆ ಇಂಗ್ಲೆಂಡ್ ತೊರೆದು ಗ್ರನಾಡಾದ ಮುಸ್ಲಿಂ ದೊರೆ ಬೋಅಬ್ದಿಲ್‌ನ ಆಶ್ರಯಕ್ಕೆ ಹೊರಡುತ್ತಾಳೆ. ಕಥೆ ನಡೆಯುವುದು 12ನೇ ಶತಮಾನದ ಕೊನೆಯಲ್ಲಿ. ಬೋಅಬ್ದಿಲ್ ಗ್ರನಾಡಾವನ್ನು ಕಳೆದುಕೊಂಡದ್ದು 1492ರಲ್ಲಿ. ಮುನ್ನೂರು ವರ್ಷಗಳ ಈ ತಪ್ಪನ್ನು ನಾವು ಸ್ಕಾಟ್‌ಗೆ ಮನ್ನಿಸಿದ್ದೇವೆ. ಅಲ್ಲಿನ ರಕ್ಷಣೆಯೂ ಪುಕ್ಕಟೆಯಲ್ಲ, ಮುಸ್ಲಿಮರು ಕೇಳುವ ಹಣ ತೆರಬೇಕು ಎಂಬುದನ್ನು ಅವನು ರೆಬೆಕ್ಕಾಳ ಬಾಯಿಂದಲೇ ಹೇಳಿಸಿದ್ದಾನೆ.